ಪಿಸುಮಾತಿನ ಹಿತ್ತಿಲು

ಬೊಸೆನಾ ಮಾಡಿದ ತೆಜ್ ಕುಡಿದವನು ಎದ್ದು ನಿಲ್ಲಲು ಗೋಡೆ ಹುಡುಕುತ್ತಾನೆ ಎಂದು ಊರವರು ಹೇಳುತ್ತಿದ್ದರು. ಜೇನು, ನೀರು, ಗೆಶೊ ಎಲೆ, ಈ ಮೂರನ್ನು ಮಡಕೆಗೆ ಹಾಕಿ ಹುಳಿ ಬರಿಸುವುದು ಗುಡ್ಡದ ಮೇಲಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಆದರೆ ಬೊಸೆನಾಳ ಕೈಗೆ ಸಮನಾದ ಕೈ ಇರಲಿಲ್ಲ. ಅವಳ ಬಾಯಿಗೆ ಸಮನಾದ ಬಾಯಿಯೂ ಇರಲಿಲ್ಲ, ಅದು ಬೇರೆ ಮಾತು.

ಊರಲ್ಲಿ ಹನ್ನೆರಡು ಮನೆಯವರು ಸೇರಿ ದೇವದೂತ ಮಿಕಾಯೇಲನ ಹೆಸರಿನಲ್ಲಿ ಒಂದು ಕೂಟ ನಡೆಸುತ್ತಿದ್ದರು. ಪ್ರತಿ ತಿಂಗಳ ಹನ್ನೆರಡರಂದು ಒಬ್ಬೊಬ್ಬರ ಮನೆಯಲ್ಲಿ ಊಟ, ಪ್ರಾರ್ಥನೆ, ಪಾನೀಯ. ಹಿದಾರ್ ತಿಂಗಳ ಸರದಿ ಬೊಸೆನಾಳದು. ಹೊಸ ಜೇನು ಇಳಿಯುವ ತಿಂಗಳು ಅದು, ಹಾಗಾಗಿ ಎಲ್ಲರೂ ಆ ದಿನಕ್ಕೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡು ಬರುತ್ತಿದ್ದರು. ಆ ವರ್ಷವೂ ಬಂದರು. ಪಕ್ಕದ ಮನೆಯ ಅಸ್ಮಾರೆ ಒಂದು ಗುಟುಕು ಕುಡಿದ, ನಾಲಿಗೆ ಚಪ್ಪರಿಸಿದ, ಉದ್ದ ಕತ್ತಿನ ಗಾಜಿನ ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಸಕ್ಕರೆ," ಅಂದ.

ಒಂದೇ ಮಾತು. ಹನ್ನೆರಡು ಮನೆಯವರ ಕೈ ಅಲ್ಲಲ್ಲೇ ನಿಂತಿತು.

"ಯಾರ ಜೇನು ತಂದೆ ತಂಗಿ?"

"ಸಂತೇದು," ಅಂದಳು ಬೊಸೆನಾ. ಜೇನು ಕೊಳ್ಳುವಾಗಲೇ ಅವಳಿಗೆ ಅನುಮಾನ ಬಂದಿತ್ತು. ಬೇರೆ ಜೇನು ಸಿಕ್ಕಿರಲಿಲ್ಲ.

"ಅದೇ ಮತ್ತೆ. ನಿನ್ನ ಕೈಯಲ್ಲಿ ದೋಷ ಇಲ್ಲ ಬಿಡು. ಹಿತ್ತಿಲಲ್ಲಿ ಜೇನಿದ್ದೋರಿಗೆ ಸಂತೆ ಯಾಕೆ ಬೇಕು? ಆದ್ರೆ ನಿನ್ನ ಹಿತ್ತಿಲಲ್ಲಿ ಅದು ನಿಲ್ಲಬೇಕಲ್ಲ!"

ಜನ ನಕ್ಕರು. ಮೂರು ವರ್ಷದಲ್ಲಿ ಮೂರು ಜೇನು ಕುಟುಂಬ ಬೊಸೆನಾಳ ಮನೆಗೆ ಬಂದು, ಮೂರೂ ಬಿಟ್ಟು ಹೋಗಿದ್ದವು. ಅಸ್ಮಾರೆಯ ಸೂರಿನ ಕೆಳಗೆ ಹನ್ನೊಂದು ಗೂಡು ತೂಗುತ್ತಿದ್ದವು. ಅವನದು ಮೃದು ಮಾತು, ಬೆಣ್ಣೆ ಸವರಿದಂಥ ದನಿ.

"ಬೈಗುಳ ಕೇಳೋ ಮನೇಲಿ ಜೇನು ಇರಲ್ಲ. ನಮ್ಮಪ್ಪ ಹೇಳ್ತಿದ್ದ, ಅವರಪ್ಪನೂ ಹೇಳ್ತಿದ್ದ. ನಿನ್ನ ಬಾಯಿಗೆ ಹೆದರಿ ಮುಲಾತೇ ಕಣದಲ್ಲಿ ಮಲಗ್ತಾನೆ. ಪಾಪ, ಹುಳದ ಪಾಡೇನು?"

ಮುಲಾತ್ ಅವಳ ಗಂಡ. ಅವನೂ ನಕ್ಕ. ಬೊಸೆನಾ ಅದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡಳು. ತೆಜ್ ಬಗ್ಗಿಸುತ್ತಿದ್ದ ಪಾತ್ರೆಯನ್ನು ನೆಲಕ್ಕಿಟ್ಟು ನಡುವೆ ನಿಂತಳು.

"ಕೇಳಿ ಎಲ್ಲರೂ. ಬರೋ ವರ್ಷ ಇದೇ ದಿನ, ಇದೇ ಜಾಗದಲ್ಲಿ, ನನ್ನ ಹಿತ್ತಿಲ ಜೇನಿನ ತೆಜ್ ಕುಡಿಸ್ತೀನಿ. ಇಲ್ಲ ಅಂದ್ರೆ ಈ ಕೈ ಇನ್ನು ತೆಜ್ ಮಾಡಲ್ಲ. ಮಡಕೆ, ಸೋಸೋ ಬಟ್ಟೆ, ಎಲ್ಲ ಎನಾನುಗೆ ಕೊಟ್ಟುಬಿಡ್ತೀನಿ."

"ಮಗಳೇ, ಹಬ್ಬದ ದಿನ ಆಣೆ ಇಡಬೇಡ," ಅಂದರು ಪಾದ್ರಿ ಅಬ್ಬಾ ಗೆತಾಹುನ್.

"ಆಣೆ ಅಲ್ಲ ಅಬ್ಬಾ. ಮಾತು."

ಎನಾನು ಅಸ್ಮಾರೆಯ ಹೆಂಡತಿ. ಅವಳು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಏನೋ ಅಂದಳು. ಅವಳು ಏನಂದರೂ ಯಾರಿಗೂ ಕೇಳಿಸುತ್ತಿರಲಿಲ್ಲ, ಅಷ್ಟು ಸಣ್ಣ ದನಿ.

ಜನ ಹೋದ ಮೇಲೆ ಬೊಸೆನಾಳಿಗೆ ತಾನು ಏನು ಪಣಕ್ಕಿಟ್ಟೆನೆಂದು ಹೊಳೆಯಿತು. ಹೊಲ ಎಲ್ಲರಿಗೂ ಇದೆ, ಇಂಜೆರಾ ರೊಟ್ಟಿ ಎಲ್ಲರೂ ಸುಡುತ್ತಾರೆ. ಅವಳದು ಅಂತ ಇದ್ದದ್ದು ಆ ಮಡಕೆಯೊಂದೇ. ಮದುವೆಗೆ, ನಾಮಕರಣಕ್ಕೆ, ತಿಥಿಗೆ ಜನ ಬಂದು "ಬೊಸೆನಾ, ನೀನೇ ಆಗಬೇಕು" ಎನ್ನುತ್ತಿದ್ದರು. ಆ ಮಡಕೆ ಬೇಲಿ ದಾಟಿ ಹೋದರೆ ಅವಳು ಬರೀ ಮುಲಾತನ ಬಾಯಿಬಡುಕಿ ಹೆಂಡತಿ.

ಒಣ ತಿಂಗಳುಗಳಲ್ಲಿ ಗೂಡು ಸಿದ್ಧವಾಯಿತು. ಮುಲಾತನ ಕೈ ಬುಟ್ಟಿ ನೇಯುವುದರಲ್ಲಿ ಚೆನ್ನಾಗಿತ್ತು. ಅವನು ಬಿದಿರು ಸೀಳಿ, ಮನುಷ್ಯ ತಬ್ಬುವಷ್ಟು ದಪ್ಪದ, ಎರಡು ಮೊಳ ಉದ್ದದ ಕೊಳವೆ ಹೆಣೆದ. ಬೊಸೆನಾ ಸಗಣಿ, ಬೂದಿ, ತೆಫ್ ಧಾನ್ಯದ ಹುಲ್ಲಿನ ತುಂಡು ಕಲಸಿ ಒಳಗೂ ಹೊರಗೂ ಮೆತ್ತಿದಳು. ಒಣಗಿದ ಮೇಲೆ ಕಾಡು ಆಲಿವ್ ಕಟ್ಟಿಗೆಯ ಹೊಗೆ ಹಿಡಿಸಿ, ಹಿಂದಿನ ಸೂರಿನ ಕೆಳಗೆ ಹಗ್ಗದಿಂದ ತೂಗುಹಾಕಿದರು. ಹಗ್ಗಕ್ಕೆ ಬೂದಿ ಉಜ್ಜಿದ್ದು ಇರುವೆಗಾಗಿ. ಗೂಡೇನೋ ಸಿಂಗರಿಸಿಕೊಂಡು ಕೂತಿತು, ಹುಳ ಬರಲಿಲ್ಲ.

ಬಂದದ್ದು ಗಿನ್ಬೊತ್ ತಿಂಗಳಲ್ಲಿ. ಮೊದಲ ಸಣ್ಣ ಮಳೆ ಬಿದ್ದು ನೀಲಗಿರಿ ಹೂಬಿಟ್ಟಿತ್ತು. ಒಂದು ಬೆಳಿಗ್ಗೆ ಅಸ್ಮಾರೆಯ ಗೂಡೊಂದು ಪಾಲಾಗಿ, ಅರ್ಧ ಕುಟುಂಬ ಹೊಸ ಮನೆ ಹುಡುಕುತ್ತಾ ಹೊರಬಿತ್ತು. ಆಕಾಶದಲ್ಲಿ ಕರಿ ಬಟ್ಟೆ ಕೊಡವಿದ ಹಾಗೆ ಸುತ್ತಿ, ಬೊಸೆನಾಳ ಬೇಲಿಮರದ ಕೊಂಬೆಗೆ ಬಂದು ಗಡ್ಡದಂತೆ ಇಳಿಬಿದ್ದಿತು. ಪಾಲಾದ ಹುಳವನ್ನು ಕಣ್ಣಿನಿಂದ ಬಿಡದೆ ಹಿಂಬಾಲಿಸಿದವನೇ ಅದರ ಒಡೆಯ. ಅಸ್ಮಾರೆ ಕುತ್ತಿಗೆ ಮೇಲೆತ್ತಿಕೊಂಡೇ ಬೇಲಿಯವರೆಗೆ ಬಂದು ನಿಂತ.

"ನಂದು," ಅಂದ.

"ಗೊತ್ತು. ತಗೊಂಡು ಹೋಗಿ."

ಅವನು ಗಡ್ಡ ಕೆರೆದುಕೊಂಡ. "ಇರಲಿ ತಂಗಿ, ಇಟ್ಕೋ. ದಾನ ಅಂತ ತಿಳ್ಕೋಬೇಡ. ಒಂದು ತಿಂಗಳಲ್ಲಿ ನನ್ನ ಮನೆಗೇ ವಾಪಸ್ ಬರ್ತಾವೆ. ಅವಕ್ಕೆ ದಾರಿ ಗೊತ್ತು, ನಿಂಗೆ ನಿನ್ನ ಬಾಯಿ ಗೊತ್ತು."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವನ ಏಳು ತಲೆಮಾರು ಎದ್ದು ಕೂರಬೇಕಿತ್ತು. ಬೊಸೆನಾ ಹಲ್ಲು ಕಚ್ಚಿ ಒಳಗೆ ಹೋದಳು. ಭಾನುವಾರದ ಇಗರ್ಜಿಗೆಂದು ತಲೆಗೆ ಹಚ್ಚಿದ್ದ ಬೆಣ್ಣೆಯನ್ನು ಬಿಸಿನೀರಲ್ಲಿ ಮೂರು ಸಲ ತೊಳೆದಳು, ಬೆಣ್ಣೆಯ ವಾಸನೆಗೆ ಹುಳ ಕೆರಳುತ್ತದೆ. ನಂತರ ಕೊಂಬೆಯ ಕೆಳಗೆ ಬುಟ್ಟಿ ಹಿಡಿದು, "ಬಾ ತಾಯೀ, ಬಾ, ಒಳಗೆ ತಂಪಿದೆ" ಎಂದು ಪಿಸುಗುಟ್ಟುತ್ತಾ ಒಂದೇ ಏಟಿಗೆ ಕೊಂಬೆ ಒದರಿದಳು. ಮೂರು ಕಡೆ ಕುಟುಕಿಸಿಕೊಂಡಳು. ಬಾಯಿ ಬಿಡಲಿಲ್ಲ.

ಆ ಸಂಜೆಯಿಂದ ಮನೆಯ ಕಾನೂನು ಬದಲಾಯಿತು. ಬೇಲಿಯ ಒಳಗೆ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಮೊದಲು ತಾನೇ. ಕೋಳಿಗೆ ಪಿಸುಮಾತು, ಹಸುವಿಗೆ ಪಿಸುಮಾತು, ಬಾಗಿಲಿಗೆ ಬಂದ ನೆಂಟರಿಗೂ ಪಿಸುಮಾತು. ಯಾರೋ ಸತ್ತಿದ್ದಾರೆಂದು ತಿಳಿದು ಒಬ್ಬ ಅಳಲು ಕೂತಿದ್ದ. ಕೋಪ ಮೂಗಿಗೆ ಬಂದಾಗ ಬೊಸೆನಾ ಬೇಲಿ ದಾಟಿ, ಹೊಲ ದಾಟಿ, ಕಣಿವೆಯ ಅಂಚಿನ ಬಂಡೆಯ ಮೇಲೆ ನಿಂತು ಬೈದು ಮುಗಿಸಿ ಬರುತ್ತಿದ್ದಳು. ಕಣಿವೆಯ ಬಬೂನ್ ಮಂಗಗಳು ಮೊದಮೊದಲು ಓಡಿಹೋಗುತ್ತಿದ್ದವು. ಆಮೇಲೆ ಕೂತು ಕೇಳತೊಡಗಿದವು.

ಮುಲಾತನಿಗೆ ಇದು ಸ್ವರ್ಗವಾಯಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನಿಗೆ ಇಂಥ ಆಶ್ರಯ ಸಿಕ್ಕಿರಲಿಲ್ಲ. ಕೆಟ್ಟ ಸುದ್ದಿಗಳನ್ನೆಲ್ಲ ಅವನು ಗೂಡಿನ ಪಕ್ಕದಲ್ಲೇ ನಿಂತು ಹೇಳತೊಡಗಿದ.

"ಬೊಸೆನಾ, ಇಲ್ಲಿ ಬಾ ಸ್ವಲ್ಪ."

"ಅಲ್ಲಿಂದಲೇ ಹೇಳು."

"ಇಲ್ಲ, ಇಲ್ಲೇ ಬಾ. ಗೂಡಿನ ಬಾಯಲ್ಲಿ ಏನೋ ಕಾಣ್ತಿದೆ."

ಅವಳು ಓಡಿ ಬಂದು ಬಗ್ಗಿ ನೋಡಿದಳು. "ಏನು?"

"ಏನಿಲ್ಲ. ಹೊಸ ಗುದ್ದಲಿ ಹೊಳೇಲಿ ಹೋಯ್ತು."

ಬೊಸೆನಾಳ ಮುಖ ಖಾರದ ಪುಡಿಯ ಬಣ್ಣಕ್ಕೆ ತಿರುಗಿತು. ತುಟಿ ಅಲ್ಲಾಡಿತು. "ನಿನ್ನ... ನಿನ್ನ ಕೈಗೆ..." ಎಂದು ಗಾಳಿಯಷ್ಟೇ ದನಿಯಲ್ಲಿ ಅಂದು, ಸೆರಗು ಬಿಗಿದುಕೊಂಡು ಬಂಡೆಯ ಕಡೆ ನಡೆದಳು. ಮುಲಾತ್ ಹುಳಗಳನ್ನು ನೋಡಿ ಕೈ ಮುಗಿದ.

ಹಮ್ಲೆ ತಿಂಗಳು ಬಂತು. ಬಂತೆಂದರೆ ಕೂತೇಬಿಟ್ಟಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಆಲಿಕಲ್ಲು, ಸಂಜೆ ಮಳೆ. ಹೊಲವೆಲ್ಲ ಕೆಸರು, ಒಂದು ಹೂವಿಲ್ಲ. ಹುಳಗಳು ಗೂಡಿನ ಬಾಯಿಗೆ ಬಂದು, ಮುಖಕ್ಕೆ ಹನಿ ತಾಗಿಸಿಕೊಂಡು, ಒಳಗೆ ಹೋಗುತ್ತಿದ್ದವು. ಬೊಸೆನಾ ದಿನವೂ ಗೂಡಿನ ಕೆಳಗೆ ಅಂಗೈ ಕೊಟ್ಟು ಎತ್ತಿ ನೋಡುತ್ತಿದ್ದಳು. ಹಗುರವಾಗುತ್ತಿತ್ತು. ಹಿಂದಿನ ಮೂರು ವರ್ಷವೂ ಹುಳ ಬಿಟ್ಟು ಹೋದದ್ದು ಇದೇ ತಿಂಗಳಲ್ಲಿ. ಮಳೆಗಾಲದಲ್ಲಿ ಎಲ್ಲರೂ ಒಳಗೇ ಇರುವುದರಿಂದ ಜಗಳ ಜಾಸ್ತಿ, ಅದಕ್ಕೇ ಹೋಗುತ್ತವೆ ಎಂದು ಅವಳು ಅಂದುಕೊಂಡಿದ್ದಳು. ಈ ವರ್ಷ ಜಗಳವೇ ಇಲ್ಲ. ಆದರೂ ಹಗುರ.

ಒಂದು ಬೆಳಿಗ್ಗೆ ಬೇಲಿಯ ಸಂದಿಯಿಂದ ನೋಡಿದರೆ, ಎನಾನು ತಮ್ಮ ಸೂರಿನ ಕೆಳಗೆ ಬಟ್ಟಲು ಹಿಡಿದು ಗೂಡಿಂದ ಗೂಡಿಗೆ ನಡೆಯುತ್ತಿದ್ದಳು. ಪ್ರತಿ ಗೂಡಿನ ಬಾಯಲ್ಲೂ ಒಂದು ಚಿಪ್ಪಿನಲ್ಲಿ ಏನೋ ಇಡುತ್ತಿದ್ದಳು.

"ಎನಾನು! ಏನೇ ಅದು?"

ಎನಾನು ಬೆಚ್ಚಿಬಿದ್ದು ಬೇಲಿಯ ಹತ್ತಿರ ಬಂದಳು. "ಮೆಲ್ಲಗೆ ಅಕ್ಕಾ."

"ಮೆಲ್ಲಗೇ ಕೇಳ್ತಿದೀನಿ. ಏನದು?"

"ಕಡಲೆಯ ಶಿರೊ ಹಿಟ್ಟು. ಹುರಿದ ಜವೆಗೋಧಿ ಹಿಟ್ಟು ಸೇರಿಸಿ. ಆಮೇಲೆ ಸ್ವಲ್ಪ ಜೇನುನೀರು."

"ಹುಳಕ್ಕೆ ಹಿಟ್ಟಾ?"

"ಹೂವಿಲ್ಲದಾಗ ಏನು ತಿಂತಾವೆ ಅಕ್ಕ? ನಮ್ಮತ್ತೆ ಹೇಳಿಕೊಟ್ಟಿದ್ದು. ಯಾರಿಗೂ ಹೇಳಬೇಡ ಅಂದಿದ್ರು. ಗಾಶೆಗೂ ಗೊತ್ತಿಲ್ಲ. ಅವರು ಎದ್ದೇಳೋದ್ರೊಳಗೆ ಹಾಕಿಬಿಡ್ತೀನಿ." ಗಂಡನನ್ನು ಎನಾನು ಎಂದೂ ಹೆಸರು ಹಿಡಿದು ಕರೆದವಳಲ್ಲ, ಹಿರಿಯಣ್ಣನನ್ನು ಕರೆದಂತೆ 'ಗಾಶೆ' ಎನ್ನುತ್ತಿದ್ದಳು. "ಬಿಳಿ ಶಿರೊ ಹಾಕು ಅಕ್ಕ. ಖಾರ ಹಾಕಿದ್ದಲ್ಲ."

ಅವತ್ತಿನಿಂದ ಬೊಸೆನಾ ದಿನಕ್ಕೊಂದು ಹಿಡಿ ಹಿಟ್ಟು ಚಿಪ್ಪಿಗೆ ಹಾಕತೊಡಗಿದಳು. ಹುಳಗಳು ಅದರಲ್ಲಿ ಹೊರಳಾಡಿ, ಕಾಲಿಗೆ ಹಳದಿ ಚೀಲ ಕಟ್ಟಿಕೊಂಡು ಒಳಗೆ ಹೋಗುವುದನ್ನು ನೋಡುತ್ತಾ ಅವಳು ಒಲೆಯ ಕೆಲಸ ಮರೆಯುತ್ತಿದ್ದಳು. ಹಮ್ಲೆ ಕಳೆಯಿತು. ಹುಳ ಹೋಗಲಿಲ್ಲ. ಅಸ್ಮಾರೆ ಬೇಲಿಯ ಮೇಲಿಂದ ಇಣುಕಿ, "ಇನ್ನೂ ಇದಾವಾ?" ಎಂದು ಎರಡು ಸಲ ಕೇಳಿ ಹೋದ.

ನೆಹಾಸೆ ತಿಂಗಳಲ್ಲಿ ಮಾತೆ ಮರಿಯಳ ಉಪವಾಸ ಬಂತು. ಹದಿನೈದು ದಿನ ಹಾಲಿಲ್ಲ, ಬೆಣ್ಣೆಯಿಲ್ಲ, ಮಾಂಸವಿಲ್ಲ. ಶಿರೊ ಸಾರು, ಮತ್ತೆ ಶಿರೊ ಸಾರು. ಅದಕ್ಕಾಗಿ ಬೊಸೆನಾ ಒಂದು ದೊಡ್ಡ ಬುರುಡೆ ತುಂಬ ಹೊಸ ಶಿರೊ ಬೀಸಿ ತಂದಿದ್ದಳು, ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಎಲ್ಲ ಸೇರಿಸಿ. ಹುಳದ ಬಿಳಿ ಶಿರೊ ಪಕ್ಕದ ಸಣ್ಣ ಬುರುಡೆಯಲ್ಲಿತ್ತು. ಉಪವಾಸದ ಪೂಜೆಗೆ ಇಗರ್ಜಿಗೆ ಹೊರಟಾಗ ಅವಳು ಮುಲಾತನಿಗೆ ಹೇಳಿದಳು, "ಹುಳಕ್ಕೆ ಹಿಟ್ಟು ಹಾಕು. ಬುರುಡೆ ಒಲೆ ಹಿಂದೆ ಇದೆ."

ಯಾವ ಬುರುಡೆ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಲೆ ಹಿಂದೆ ಕತ್ತಲೆ.

ಮಧ್ಯಾಹ್ನ ಬೊಸೆನಾ ವಾಪಸ್ ಬಂದಾಗ ಹಿತ್ತಿಲು ಗುಂಯ್‌ಗುಡುತ್ತಿತ್ತು. ಮುಲಾತ್ ತಲೆಗೆ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದ, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕತ್ತೆ ಹಗ್ಗ ಹರಿದುಕೊಂಡು ಎಲ್ಲೋ ಹೋಗಿತ್ತು. ಹುಳವೆಲ್ಲ ಗೂಡಿನಿಂದ ಹೊರಬಂದು ಸೂರಿನ ತೊಲೆಗೆ ಕರುವಿನ ತಲೆಯಷ್ಟು ದಪ್ಪ ಉಂಡೆಯಾಗಿ ಕಚ್ಚಿಕೊಂಡಿತ್ತು. ಹೊರಡುವ ಮೊದಲು ಹುಳ ಹೀಗೇ ಕೂರುತ್ತದೆ. ಗೂಡಿನ ಬಾಯಲ್ಲಿ ಚಿಪ್ಪು. ಚಿಪ್ಪಿನ ತುಂಬ ಕೆಂಪು ಹಿಟ್ಟು. ಅದರಲ್ಲಿ ಹತ್ತಿಪ್ಪತ್ತು ಹುಳ ಕಾಲು ಮೇಲಾಗಿ ಬಿದ್ದಿದ್ದವು.

ಅವಳು ಬೆರಳಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು.

"ನಾನು ಹಿಟ್ಟು ಹಾಕಿದೆ," ಅಂದ ಮುಲಾತ್, ಅಭ್ಯಾಸಬಲದಿಂದ ಗೂಡಿನ ಕಡೆಗೆ ಒಂದು ಹೆಜ್ಜೆ ಸರಿಯುತ್ತಾ.

ಆಮೇಲೆ ಆದದ್ದನ್ನು ಊರು ಬಹಳ ದಿನ ಮಾತಾಡಿತು. ಮೂರು ತಿಂಗಳಿನಿಂದ ಅದುಮಿಟ್ಟದ್ದೆಲ್ಲ ಒಂದೇ ಸಲ ಹೊರಬಂತು.

"ಮುಲಾತ್! ಕಣ್ಣಿದೆಯೇನೋ ನಿಂಗೆ, ಕಣ್ಣಿದ್ದ ಜಾಗದಲ್ಲಿ ಗುಂಡಿ ಇದೆಯೇನೋ! ದಿನಾ ತಿನ್ನೋ ಹಿಟ್ಟು ಗೊತ್ತಾಗಲ್ವಾ? ಮೆಣಸಿನಕಾಯಿ! ಹುಳದ ಬಾಯಿಗೆ ಮೆಣಸಿನಕಾಯಿ ಇಟ್ಟೆಯಲ್ಲೋ ಪಾಪಿ! ಗುದ್ದಲಿ ಹೊಳೇಲಿ ಬಿಟ್ಟೆ, ಸುಮ್ನಿದ್ದೆ! ಆಡು ಈರುಳ್ಳಿ ಮಡಿ ತಿಂತು, ಸುಮ್ನಿದ್ದೆ! ನಿಮ್ಮಕ್ಕ ಬಂದು ಹನ್ನೊಂದು ದಿನ ಕೂತು ತಿಂದ್ಲು, ಅದಕ್ಕೂ ಸುಮ್ನಿದ್ದೆ! ಕೂಟದಲ್ಲಿ ಅವರ ಜೊತೆ ಸೇರಿ ನಕ್ಕೆಯಲ್ಲ, ನೋಡಿಲ್ಲ ಅಂದ್ಕೊಂಡಿದೀಯಾ?"

ಗೂಡಿನಿಂದ ಒಂದು ಮೊಳ ದೂರದಲ್ಲಿ ನಿಂತು ಅವಳು ಇಷ್ಟೂ ಹೇಳಿದಳು. ಹೇಳಿ ಮುಗಿದ ಮೇಲೆ ಎಲ್ಲಿ ನಿಂತಿದ್ದೇನೆಂದು ನೆನಪಾಯಿತು. ಬಾಯಿಗೆ ಕೈ ಅಡ್ಡ ಹೋಯಿತು. ಕೆಸರಲ್ಲೇ ಕೂತಳು.

ಬೇಲಿಯ ಮೇಲೆ ಅಸ್ಮಾರೆಯ ತಲೆ ಕಾಣಿಸಿತು. "ಆಯ್ತು ಬಿಡು ತಂಗಿ," ಅಂದ, ನಿಜವಾದ ಕನಿಕರದಲ್ಲೇ. "ನಿನ್ನ ಕೈಲಾದಷ್ಟು ಮಾಡಿದೆ. ಎನಾನೂ, ಆ ಮಡಕೆಗೆ ಒಂದು ಜಾಗ ಮಾಡು."

ಬೊಸೆನಾ ಎದ್ದು ಕೆಂಪು ಹಿಟ್ಟನ್ನು ಚೆಲ್ಲಿ, ಚಿಪ್ಪನ್ನು ತೊಳೆದು, ಬಿಳಿ ಹಿಟ್ಟು ಹಾಕಿ ಇಟ್ಟಳು. ಹುಳದ ಉಂಡೆ ಕದಲಲಿಲ್ಲ. ನಾಲ್ಕು ಗಂಟೆಗೆ ಮಳೆ ಹಿಡಿಯಿತು. ಅವಳು ಬಾಗಿಲಲ್ಲಿ ಕೂತು ನೋಡುತ್ತಲೇ ಇದ್ದಳು. ಮುಲಾತ್ ಬಿಸಿ ಕಾಫಿ ತಂದು ಪಕ್ಕದಲ್ಲಿಟ್ಟು ಹೋದ.

ಬೆಳಕು ಹರಿದಾಗ ತೊಲೆ ಬರಿದಾಗಿತ್ತು. ಬೊಸೆನಾ ಗೂಡಿನ ಹತ್ತಿರ ಹೋಗಿ ಕಿವಿ ಇಟ್ಟಳು. ಒಳಗೆ ದೊಡ್ಡ ಮಡಕೆಯಲ್ಲಿ ತೆಜ್ ಹುದುಗು ಬರುವಾಗಿನಂಥ ಸದ್ದು. ಅಷ್ಟರಲ್ಲಿ ಒಂದು ಹುಳ ಗೂಡಿನ ಬಾಯಿಗೆ ಬಂದು, ಕಾಲಿಂದ ಮುಖ ಒರೆಸಿಕೊಂಡು, ಚಿಪ್ಪಿನ ಬಿಳಿ ಹಿಟ್ಟಿಗೆ ಇಳಿಯಿತು. ಅದರ ಹಿಂದೆ ಇನ್ನೊಂದು.

ಬೊಸೆನಾ ಬಹಳ ಹೊತ್ತು ಅವನ್ನೇ ನೋಡಿದಳು. ನಂತರ ಸೊಂಟಕ್ಕೆ ಕೈಯಿಟ್ಟು, ಉಸಿರು ತುಂಬಿಕೊಂಡು, ಗೂಡಿನ ಬಾಯಿಗೇ ಬಾಯಿ ಕೊಟ್ಟು ಕೂಗಿದಳು.

"ಮುಲಾತ್!"

ಒಳಗೆ ಮುಲಾತ್ ಮಂಚದಿಂದ ಬಿದ್ದ ಸದ್ದು ಕೇಳಿಸಿತು. ಹುಳಗಳು ಹಿಟ್ಟು ಹೊರುತ್ತಲೇ ಇದ್ದವು.

"ಮುಲಾತ್! ಮೂರು ಕಾಸಿಗೆ ಬಾರದವನೇ!"

ಏನೂ ಇಲ್ಲ. ಒಂದು ಹುಳ ಅವಳ ಮೂಗಿನ ಮುಂದೆ ಹಾದು ಆಕಾಶದಲ್ಲಿ ತೆರಪಿದೆಯೇ ಎಂದು ನೋಡಿ ಬಂತು, ಅಷ್ಟೇ.

ಆಗ ಅವಳಿಗೆ ಹಳೆಯ ಗೂಡುಗಳು ನೆನಪಾದವು. ಬಿಟ್ಟು ಹೋದ ಮೇಲೆ ಮೂರನ್ನೂ ಅವಳೇ ಬಿಚ್ಚಿ ನೋಡಿದ್ದಳು. ಎರಿಗಳು ಕಾಗದದಂತೆ ಒಣಗಿದ್ದವು, ಒಂದು ತೊಟ್ಟು ಜೇನಿರಲಿಲ್ಲ. ಹೋಗಲಾರದೆ ಉಳಿದ ಕೆಲವು ಹುಳ ಖಾಲಿ ಕೋಶದೊಳಗೆ ತಲೆ ಹುದುಗಿಸಿಕೊಂಡೇ ಸತ್ತಿದ್ದವು, ತಳ ನೆಕ್ಕಲು ಹೋದವರ ಹಾಗೆ. ಆಗ ಅದನ್ನು ನೋಡಿಯೂ ನೋಡಿರಲಿಲ್ಲ. ಅವಳ ಬಾಯಿಗೆ ಹೆದರಿ ಹೋದವು ಎಂದು ಊರು ಹೇಳಿತು, ಅವಳೂ ನಂಬಿದಳು.

"ಹಸಿದು ಹೋದವು," ಅಂದಳು ಗಟ್ಟಿಯಾಗಿಯೇ. "ನನ್ನ ಬುರುಡೇಲಿ ಹಿಟ್ಟಿತ್ತು."

ಕಣ್ಣು ಒರೆಸಿಕೊಂಡು ಬೇಲಿಗೆ ಹೋದಳು. ಎನಾನು ಬಟ್ಟಲು ಹಿಡಿದು ಕೊನೆಯ ಗೂಡಿನ ಹತ್ತಿರ ನಿಂತಿದ್ದಳು.

"ಎನಾನು, ಹುಳ ಹೋಗಿಲ್ಲ. ನಿನ್ನೆ ಅಷ್ಟು ಕೂಗಿದೆ, ಇವತ್ತೂ ಕೂಗಿದೆ. ಕೇಳಿಸ್ತಲ್ಲ?"

"ಕೆಳಗಿನ ಹಳ್ಳಿಗೂ ಕೇಳಿಸಿರುತ್ತೆ ಅಕ್ಕ."

"ಅವಕ್ಕೆ ಕೇಳಿಸಲ್ಲ ಕಣೇ. ಕೇಳಿಸಿದ್ರೂ ಅವಕ್ಕೇನು? ಹೊಟ್ಟೆಗಿದ್ರೆ ಇರ್ತಾವೆ, ಇಲ್ದಿದ್ರೆ ಹೋಗ್ತಾವೆ. ನಿಮ್ಮ ಹನ್ನೊಂದು ಗೂಡು ನಿಂತಿರೋದು ಅಸ್ಮಾರೆ ನಾಲಿಗೆ ಮೇಲಲ್ಲ. ನಿನ್ನ ಬಟ್ಟಲ ಮೇಲೆ."

ಎನಾನು ಬಟ್ಟಲನ್ನು ನೋಡಿದಳು. ಗೂಡುಗಳನ್ನು ಒಂದೊಂದಾಗಿ ನೋಡಿದಳು.

"ನಾನು ಹಾಡ್ತಿದ್ದೆ ಅಕ್ಕ," ಅಂದಳು.

"ಏನಂದೆ?"

"ಮದುವೆಯಾಗಿ ಬಂದಾಗ. ಬೀಸುವಾಗ, ನೀರು ತರುವಾಗ ಹಾಡ್ತಿದ್ದೆ. ಮೂರನೇ ದಿನ ಗಾಶೆ ಬಂದು, 'ಹುಳ ಹೋಗ್ತಾವೆ, ದನಿ ಎತ್ತಬೇಡ' ಅಂದ್ರು. ಇಪ್ಪತ್ತೆರಡು ವರ್ಷ ಆಯ್ತು."

ಎನಾನು ಬಟ್ಟಲನ್ನು ಕೆಳಗಿಟ್ಟಳು, ಗಂಟಲು ಸರಿಮಾಡಿಕೊಂಡಳು. ಮೊದಲ ಸಲ ಬಂದದ್ದು ಬಾಗಿಲು ಕಿರುಗುಟ್ಟಿದಂಥ ಸದ್ದು. ಎರಡನೆಯ ಸಲ ಗುಡ್ಡವೇ ತಿರುಗಿ ನೋಡುವಂತೆ ಬಂತು.

"ಅಸ್ಮಾರೇ!"

ಅಸ್ಮಾರೆ ಬರಿಗಾಲಲ್ಲಿ ಓಡಿಬಂದ. "ಬೆಂಕಿಯಾ? ಎಲ್ಲಿ? ಯಾರು ಕೂಗಿದ್ದು?"

"ನಾನು."

"ನೀನಾ?" ಅವನು ಹೆಂಡತಿಯನ್ನು ಬಿಟ್ಟು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆಮೇಲೆ ಗಾಬರಿಯಿಂದ ಗೂಡುಗಳ ಕಡೆ ತಿರುಗಿದ. ಹನ್ನೊಂದು ಗೂಡಿನ ಹುಳವೂ ತಮ್ಮ ಪಾಡಿಗೆ ಚಿಪ್ಪಿನಲ್ಲಿ ಹೊರಳಾಡುತ್ತಿದ್ದವು. "ಇದೇನಿದು ಹಿಟ್ಟು?"

"ನಿಮ್ಮ ಮೃದು ಮಾತು ಗಾಶೆ," ಅಂದಳು ಬೊಸೆನಾ ಬೇಲಿಯ ಮೇಲಿಂದ. "ಅದನ್ನೇ ದಿನಾ ಚಿಪ್ಪಲ್ಲಿ ಹಾಕ್ತಿದ್ಲು ನಿಮ್ಮ ಹೆಂಡತಿ."

ಅಸ್ಮಾರೆ ಬಗ್ಗಿ ಚಿಪ್ಪಿನ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು, ಅಪ್ಪ ಹೇಳಿದ್ದನ್ನು ನಂಬಿದ್ದ, ಅಷ್ಟೇ. "ನಮ್ಮವ್ವನೂ ಹಾಕ್ತಿದ್ಲಾ?" ಎಂದು ಕೊನೆಗೆ ಕೇಳಿದ.

"ಅವರೇ ಕಲಿಸಿದ್ದು," ಅಂದಳು ಎನಾನು. "ಗಂಡಸರಿಗೆ ಹೇಳಬೇಡ, ತಮ್ಮ ಅದೃಷ್ಟ ಅಂದ್ಕೊಂಡು ಖುಷಿಯಾಗಿರ್ತಾರೆ ಅಂದ್ರು."

ಅಸ್ಮಾರೆ ಅಲ್ಲೇ ಕಲ್ಲಿನ ಮೇಲೆ ಕೂತ. ಮುಲಾತ್ ಒಂದೂವರೆ ಕಣ್ಣಿನಲ್ಲಿ ಬಂದು ಬೇಲಿಯ ಈಚೆ ನಿಂತ. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎರಡು ಮನೆಯಲ್ಲೂ ಒಳ್ಳೆಯ ಕಾಲವೊಂದು ಮುಗಿದಿತ್ತು.

ಮೆಸ್ಕೆರೆಮ್ ಹುಟ್ಟಿ ಹೊಸ ವರ್ಷ ಬಂತು. ಮಳೆ ನಿಂತಿತು, ಗುಡ್ಡದ ಮೇಲೆ ಹಳದಿ ಹೂ ಚೆಲ್ಲಾಪಿಲ್ಲಿ ಎದ್ದಿತು, ಅದರ ಬೆನ್ನಿಗೇ ಹುಚ್ಚೆಳ್ಳಿನ ಹೊಲ ಅರಳಿತು. ಹುಳಗಳು ಬೆಳಗಿನಿಂದ ಸಂಜೆಯವರೆಗೆ ಹಳದಿ ಬಳಿದುಕೊಂಡು ಬರುತ್ತಿದ್ದವು. ಬೊಸೆನಾ ಅಂಗೈ ಕೊಟ್ಟು ಗೂಡು ಎತ್ತಿ ನೋಡಿದಳು. ಮುಂದಿನ ವಾರ ಎತ್ತಲಾಗಲಿಲ್ಲ. ಅದರ ಮುಂದಿನ ವಾರ ಮುಲಾತ್ ಹಗ್ಗ ಬದಲಿಸಿದ. ಮನೆಯಲ್ಲಿ ಬೈಗುಳ ಮೊದಲಿನಂತೆ ಸಾಗಿತ್ತು. ಮುಲಾತ್ ಆಗೊಮ್ಮೆ ಈಗೊಮ್ಮೆ ಹಳೆಯ ಆಸೆಯಿಂದ ಗೂಡಿನ ಪಕ್ಕ ನಿಂತು ನೋಡಿದ, ಪ್ರಯೋಜನವಾಗಲಿಲ್ಲ.

ತಿಕಿಮ್ತ್ ತಿಂಗಳ ನಡುವಲ್ಲಿ, ಹೊತ್ತು ಇಳಿಯುವಾಗ ಗೂಡಿನ ಹಿಂಬಾಗಿಲು ತೆಗೆದರು. ಒಣ ಸಗಣಿಯ ಹೊಗೆ ಹಿಡಿದದ್ದು ಎನಾನು. ಬೊಸೆನಾ ಎರಿಗಳನ್ನು ಒಂದೊಂದಾಗಿ ಕತ್ತರಿಸಿ ಕೊಟ್ಟಳು, ಮುಲಾತ್ ಬುರುಡೆಗೆ ತುಂಬಿದ. ಬಿಳಿ ಮೇಣದ ಮುಚ್ಚಳ ಹಾಕಿದ, ತೂಕದ ಎರಿಗಳು. ಐದನೆಯದನ್ನು ಕೊಟ್ಟು ಅವಳು ಕತ್ತಿ ಒರೆಸಿದಳು.

"ಇನ್ನೂ ಇದೆ ಕಣೇ," ಅಂದ ಮುಲಾತ್ ಒಳಗೆ ಬಗ್ಗಿ. "ನಾಲ್ಕು ಇದೆ."

"ಅದು ಅವಕ್ಕೆ."

"ಇಷ್ಟರಲ್ಲಿ ಅರ್ಧ ಮಡಕೆ ತೆಜ್ ಆಗುತ್ತೆ. ಹನ್ನೆರಡು ಮನೆ! ಕೂಟದಲ್ಲಿ ಮಾತು ಕೊಟ್ಟಿದೀಯ."

ಕತ್ತಿ ಬೊಸೆನಾಳ ಕೈಯಲ್ಲೇ ಇತ್ತು. ಅರ್ಧ ಮಡಕೆ ಇಟ್ಟುಕೊಂಡು ಕೂಟ ಕರೆದರೆ ಜನ ಏನೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ಎರಿ ಕಣ್ಣ ಮುಂದೆಯೇ ಹೊಳೆಯುತ್ತಿದ್ದವು. ಹುಳಗಳು ಅದರ ಮೇಲೆ ಸಾಲುಗಟ್ಟಿ ಕೂತು, ಹೊಗೆಗೆ ರೆಕ್ಕೆ ಬೀಸುತ್ತಿದ್ದವು.

"ಮಾತು ಕೊಟ್ಟಿದ್ದು ನನ್ನ ಹಿತ್ತಿಲ ಜೇನು ಕುಡಿಸ್ತೀನಿ ಅಂತ," ಅಂದಳು. "ಹೊಟ್ಟೆ ತುಂಬ ಅಂತ ಹೇಳಿಲ್ಲ. ಮುಚ್ಚು ಬಾಗಿಲು."

"ಸಂತೆಯಿಂದ ಸ್ವಲ್ಪ ತಂದು..."

"ಮುಲಾತ್!"

ಅವನು ಬಾಗಿಲು ಮುಚ್ಚಿ ಸಗಣಿ ಮೆತ್ತಿದ.

ಹಿದಾರ್ ಹನ್ನೆರಡಕ್ಕೆ ಹನ್ನೆರಡು ಮನೆಯವರೂ ಬಂದು ಕೂತರು. ಹೋದ ವರ್ಷದ ಮಾತು ಯಾರೂ ಮರೆತಿರಲಿಲ್ಲ. ಹಾಗಾಗಿ ಹೋದ ವರ್ಷಕ್ಕಿಂತ ಜಾಸ್ತಿಯೇ ಬಂದಿದ್ದರು. ಅಬ್ಬಾ ಗೆತಾಹುನ್ ಪ್ರಾರ್ಥನೆ ಮುಗಿಸಿದರು. ಬೊಸೆನಾ ಒಬ್ಬೊಬ್ಬರಿಗೆ ಒಂದೇ ಬುರುಡೆ ಬಗ್ಗಿಸಿದಳು, ಕತ್ತಿನವರೆಗೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಕೊನೆಯವನಿಗೆ ಬಗ್ಗಿಸಿದಾಗ ಪಾತ್ರೆ ಬರಿದಾಗಿತ್ತು.

ಎಲ್ಲರೂ ಅಸ್ಮಾರೆಯ ಕಡೆ ನೋಡಿದರು. ಅವನು ಈ ಸಲ ಬೆಳಕಿಗೆ ಹಿಡಿಯಲಿಲ್ಲ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಇನ್ನೊಂದು ಕುಡಿದ. ಹಾಗೇ ತಳದವರೆಗೂ ಕುಡಿದು, ಖಾಲಿ ಬುರುಡೆಯನ್ನು ಅವಳ ಮುಂದೆ ಚಾಚಿದ.

"ಇನ್ನೊಂದು ಹಾಕು ತಂಗಿ."

"ಇಲ್ಲ."

"ಇಲ್ಲ ಅಂದ್ರೆ?"

"ಖಾಲಿ. ಉಳಿದದ್ದು ಹುಳದ ಹತ್ರ ಇದೆ. ಹೋಗಿ ಕೇಳಿ, ಕೊಟ್ರೆ ತಗೊಳ್ಳಿ."

ಕೂಟ ಹೋ ಎಂದು ನಕ್ಕಿತು. ಅಬ್ಬಾ ಗೆತಾಹುನ್ ತಮ್ಮ ಬುರುಡೆಯಲ್ಲಿ ಉಳಿದ ಎರಡು ಗುಟುಕನ್ನು ಯಾರಾದರೂ ಕೇಳಿಬಿಟ್ಟಾರೆಂದು ಬೇಗ ಮುಗಿಸಿದರು. ಅಸ್ಮಾರೆ ಖಾಲಿ ಬುರುಡೆಯ ಒಳಗೆ ಒಂದು ಕಣ್ಣಿಟ್ಟು ನೋಡಿ, "ಮಿಕಾಯೇಲನಾಣೆ, ನನ್ನ ಹನ್ನೊಂದು ಗೂಡಿನ ಜೇನಲ್ಲೂ ಇಂಥ ತೆಜ್ ಕುಡಿದಿಲ್ಲ," ಅಂದ.

"ನಿಮ್ಮ ಜೇನಿಗೆ ಏನಾಗಿದೆ?" ಅಂದಳು ಎನಾನು, ಎಲ್ಲರಿಗೂ ಕೇಳಿಸುವಂತೆ. "ಜೇನು ಚೆನ್ನಾಗೇ ಇದೆ. ಮಾಡೋ ಕೈ ನಂದು, ಅದಕ್ಕೇ ಹಾಗೆ. ಅಕ್ಕ, ಬರೋ ವರ್ಷ ನಮ್ಮ ಜೇನು ತಂದು ಕೊಡ್ತೀನಿ, ನೀನೇ ಮಾಡು."

"ಮಾಡ್ತೀನಿ. ನಿಂಗೂ ಕಲಿಸ್ತೀನಿ, ಸುಮ್ನೆ ಕೂತು ಕುಡೀಬಹುದು ಅಂದ್ಕೊಂಡಿದೀಯಾ?"

ಇಂಜೆರಾ ಮುಗಿಯಿತು, ಸಾರು ಮುಗಿಯಿತು. ಕಾಫಿ ಮೂರು ಸುತ್ತು ಬಂತು. ಮೂರನೆಯ ಸುತ್ತಿನ ನಂತರ ಯಾವ ಮನೆಯಲ್ಲೂ ಜನ ಕೂರುವುದಿಲ್ಲ. ಅವತ್ತು ಮಾತ್ರ ಯಾರೂ ಏಳಲಿಲ್ಲ. ಹುಳಕ್ಕೆ ಎಷ್ಟು ಹಿಟ್ಟು, ಯಾವ ಹಿಟ್ಟು, ಎಷ್ಟು ದಿನ ಎಂದು ಬೊಸೆನಾಳನ್ನೂ ಎನಾನುವನ್ನೂ ಸುತ್ತಿ ಕೂತು ಕೇಳತೊಡಗಿದರು. ಬೊಸೆನಾ ಕೈ ತಿರುಗಿಸಿ ಹೇಳಿದ್ದೇ ಹೇಳಿದ್ದು. ಹೊರಗೆ ಹೊತ್ತು ಇಳಿಯಿತು, ದನ ತಾವಾಗಿ ಕೊಟ್ಟಿಗೆಗೆ ಬಂದವು.

"ಕುಡಿಯೋಕೆ ಒಂದು ಹನಿ ಇಲ್ಲ," ಅಂದಳು ಬೊಸೆನಾ ಕೊನೆಗೆ, ಗಟ್ಟಿ ದನಿಯಲ್ಲಿ. "ತಿನ್ನೋಕೂ ಇಲ್ಲ. ಏಳ್ರೋ, ನಿಮ್ಮ ನಿಮ್ಮ ಮನೆಗೆ ಹೋಗ್ರೋ!"

ಯಾರೂ ಕದಲಲಿಲ್ಲ. ಬೊಸೆನಾ ಇನ್ನೊಂದು ಹಿಡಿ ಕಾಫಿ ಬೀಜ ತೆಗೆದು ಹುರಿಯಲು ಕೂತಳು.